ಗಾಳಿ ಪುದುಚೇರಿಗೆ, ಮಳೆ ಗುಂಡ್ಲುಪೇಟೆಗೆ

ಫೆಂಗಲ್ ಚಂಡಮಾರುತ 2024ರ ನವೆಂಬರ್ 30ರ ರಾತ್ರಿ ಪುದುಚೇರಿಯ ಹತ್ತಿರ ದಡ ದಾಟಿತು. ಆಗ ಅದರ ಗಾಳಿಯ ವೇಗ ಗಂಟೆಗೆ 70ರಿಂದ 80 ಕಿ.ಮೀ., ಒಮ್ಮೊಮ್ಮೆ ಬೀಸಿ ಹೊಡೆದಾಗ 90 ಕಿ.ಮೀ. ಬಂಗಾಳ ಕೊಲ್ಲಿಯಲ್ಲಿ ಎದ್ದ ಚಂಡಮಾರುತಗಳ ಸಾಲಿನಲ್ಲಿ ಇದು ಸಣ್ಣದು. ಆದರೂ ಮರುದಿನ ಬೆಳಿಗ್ಗೆ ಅಳೆದಾಗ ಪುದುಚೇರಿಯಲ್ಲಿ 24 ಗಂಟೆಗಳಲ್ಲಿ ಸುಮಾರು 48 ಸೆಂ.ಮೀ. ಮಳೆ ಬಿದ್ದಿತ್ತು. ಡಿಸೆಂಬರ್ 2ರ ಸೋಮವಾರ, ಕಡಲಿನ ಗಾಳಿಯೂ ಸೋಕದ ಚಾಮರಾಜನಗರ ಜಿಲ್ಲೆಯಲ್ಲಿ ಮಳೆಯ ಕಾರಣಕ್ಕೆ ಶಾಲೆಗಳಿಗೆ ರಜೆ ಕೊಡಬೇಕಾಯಿತು.

'ಸೈಕ್ಲೋನು ಬಂದಿರದು ಮದ್ರಾಸ್ಗ, ಮಳ ಯಾಕ ಇಲ್ಗ ಬತ್ತುದ?' ಗುಂಡ್ಲುಪೇಟೆ, ತೆರಕಣಾಂಬಿ, ಮದ್ದೂರಿನ ಕಡೆ ನವೆಂಬರ್ ಬಂತೆಂದರೆ ಈ ಪ್ರಶ್ನೆ ತಪ್ಪದೆ ಕೇಳಿಬರುತ್ತದೆ. ಕೇಳುವವರು ಕುತೂಹಲಕ್ಕಷ್ಟೇ ಕೇಳುವುದಿಲ್ಲ. ರಾಗಿ ಕೊಯ್ಲಿಗೆ ಬಂದಿರುತ್ತದೆ, ಹುರುಳಿ ಕಾಯಿ ಕಟ್ಟುತ್ತಿರುತ್ತದೆ, ಅರಿಶಿನದ ಗೆಡ್ಡೆ ಬಲಿಯುತ್ತಿರುತ್ತದೆ. ಟಿ.ವಿ.ಯಲ್ಲಿ ಚೆನ್ನೈನ ರಸ್ತೆಯ ನೀರು ತೋರಿಸುವಾಗ ಇಲ್ಲಿನ ರೈತ ತನ್ನ ಹೊಲದ ಲೆಕ್ಕ ಹಾಕುತ್ತಿರುತ್ತಾನೆ.

ಉತ್ತರದ ಮೊದಲ ಭಾಗ ನಕ್ಷೆಯಲ್ಲೇ ಇದೆ. ಪುದುಚೇರಿಯೂ ಗುಂಡ್ಲುಪೇಟೆಯೂ ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ, ಎರಡೂ 12 ಡಿಗ್ರಿಗೆ ಸ್ವಲ್ಪ ಕೆಳಗೆ. ಪುದುಚೇರಿಯಿಂದ ನೇರ ಪಶ್ಚಿಮಕ್ಕೆ ಗೆರೆ ಎಳೆದರೆ ಅದು ಸೇಲಂ ನಗರದ ಉತ್ತರಕ್ಕೆ ಹಾದು, ಮೆಟ್ಟೂರು ಅಣೆಕಟ್ಟೆಯ ಆಸುಪಾಸಿನಲ್ಲಿ ಕಾವೇರಿ ದಾಟಿ, ಮಲೆಮಹದೇಶ್ವರ ಬೆಟ್ಟದ ಕಾಡಿನ ದಕ್ಷಿಣದ ಅಂಚಿನಲ್ಲಿ ಬಂದು, ಚಾಮರಾಜನಗರ ಮತ್ತು ಗುಂಡ್ಲುಪೇಟೆಯನ್ನು ಮುಟ್ಟಿ, ಮದ್ದೂರು ಚೆಕ್‌ಪೋಸ್ಟಿನ ಆಚೆಯ ಬಂಡೀಪುರ ಕಾಡನ್ನು ಹಾದು ವಯನಾಡಿಗೆ ಇಳಿಯುತ್ತದೆ. ಕೊನೆಗೆ ಅರಬ್ಬಿ ಸಮುದ್ರ ಸೇರುವುದು ಮಾಹೆಯಿಂದ ಸ್ವಲ್ಪ ಉತ್ತರಕ್ಕೆ. ಆ ಮಾಹೆಯೂ ಆಡಳಿತದಲ್ಲಿ ಪುದುಚೇರಿಗೇ ಸೇರಿದ್ದು. ಪುದುಚೇರಿಗೂ ಗುಂಡ್ಲುಪೇಟೆಗೂ ನಡುವೆ ಸುಮಾರು 340 ಕಿ.ಮೀ. ಅಷ್ಟು ದೂರ ಗಾಳಿಯ ಬಲ ಉಳಿಯುವುದಿಲ್ಲ. ನೀರು ಉಳಿಯುತ್ತದೆ.

ಚಂಡಮಾರುತ ಹುಟ್ಟುವುದು ಕಡಲಿನ ಬಿಸಿಯಿಂದ. ಸಮುದ್ರದ ಮೇಲ್ಪದರ ಸುಮಾರು 50 ಮೀಟರ್ ಆಳದವರೆಗೆ 26.5 ಡಿಗ್ರಿ ಸೆಲ್ಸಿಯಸ್ ದಾಟಿ ಬಿಸಿಯಾಗಿದ್ದರೆ ಅಲ್ಲಿಂದ ಆವಿ ಧಾರಾಳವಾಗಿ ಮೇಲೇಳುತ್ತದೆ. ಮೇಲೆ ಹೋದ ಆವಿ ತಣಿದು ಹನಿಯಾಗುವಾಗ, ಆವಿಯಾಗಲು ಹೀರಿಕೊಂಡಿದ್ದ ಶಾಖವನ್ನು ಗಾಳಿಗೆ ಬಿಟ್ಟುಕೊಡುತ್ತದೆ. ಬಿಸಿಯಾದ ಗಾಳಿ ಇನ್ನೂ ಮೇಲೇರುತ್ತದೆ, ಕೆಳಗೆ ಒತ್ತಡ ಕುಸಿಯುತ್ತದೆ, ಆ ಜಾಗಕ್ಕೆ ಸುತ್ತಲಿನ ಗಾಳಿ ನುಗ್ಗುತ್ತದೆ. ಭೂಮಿ ತಿರುಗುತ್ತಿರುವುದರಿಂದ ನುಗ್ಗುವ ಗಾಳಿ ನೇರ ಬಾರದೆ ಬಾಗುತ್ತದೆ. ಭೂಮಧ್ಯರೇಖೆಯ ಉತ್ತರಕ್ಕೆ ಅದು ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತುತ್ತದೆ. ಈ ಸುತ್ತು ಬಿಗಿಯಾಗಲು ಇನ್ನೊಂದು ಅನುಕೂಲವೂ ಬೇಕು: ಕೆಳಗಿನ ಗಾಳಿಗೂ ಬಲು ಎತ್ತರದ ಗಾಳಿಗೂ ದಿಕ್ಕಿನಲ್ಲಿ, ವೇಗದಲ್ಲಿ ದೊಡ್ಡ ವ್ಯತ್ಯಾಸ ಇರಬಾರದು. ಇದ್ದರೆ ಮೋಡದ ಗೋಪುರ ನಡುವೆ ಮುರಿದು ಬೀಳುತ್ತದೆ. ಮುಂಗಾರಿನ ತಿಂಗಳುಗಳಲ್ಲಿ ಮೇಲಿನ ಗಾಳಿ ಜೋರಾಗಿರುವುದರಿಂದ ಆಗ ಪೂರ್ಣಪ್ರಮಾಣದ ಚಂಡಮಾರುತಗಳು ಅಪರೂಪ. ಮುಂಗಾರಿಗೆ ಮುಂಚಿನ ಏಪ್ರಿಲ್, ಮೇ ತಿಂಗಳುಗಳು ಮತ್ತು ಮುಂಗಾರು ಹಿಂದೆಗೆದ ಮೇಲಿನ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಕಾಲ ಅವುಗಳದು.

ಭಾರತೀಯ ಹವಾಮಾನ ಇಲಾಖೆ ಈ ಸುಳಿಗಳನ್ನು ಗಾಳಿಯ ವೇಗದಿಂದ ವಿಂಗಡಿಸುತ್ತದೆ. ಮೊದಲು ಕಡಿಮೆ ಒತ್ತಡದ ಪ್ರದೇಶ. ಗಾಳಿ ಗಂಟೆಗೆ 31 ಕಿ.ಮೀ. ಮುಟ್ಟಿದರೆ ವಾಯುಭಾರ ಕುಸಿತ, 50 ದಾಟಿದರೆ ತೀವ್ರ ವಾಯುಭಾರ ಕುಸಿತ, 62 ಮುಟ್ಟಿದರೆ ಚಂಡಮಾರುತ. ಹೆಸರು ಸಿಗುವುದು ಆಗ ಮಾತ್ರ. ಹಿಂದೂ ಮಹಾಸಾಗರದ ಉತ್ತರ ಭಾಗಕ್ಕೆ ಸಂಬಂಧಿಸಿದ 13 ದೇಶಗಳು ಸೇರಿಸಿ ಕೊಟ್ಟ ಪಟ್ಟಿಯಿಂದ ಸರದಿಯಂತೆ ಹೆಸರಿಡುತ್ತಾರೆ. ಫೆಂಗಲ್ ಎಂಬ ಹೆಸರು ಸೌದಿ ಅರೇಬಿಯಾ ಕೊಟ್ಟದ್ದು. ಈ ಏಣಿಯ ಒಂದೊಂದು ಮೆಟ್ಟಿಲೂ ಗಾಳಿಯನ್ನು ಅಳೆದು ಮಾಡಿದ್ದು, ಮಳೆಯ ಅಳತೆ ಇದರಲ್ಲಿ ಎಲ್ಲಿಯೂ ಇಲ್ಲ. ಮೀನುಗಾರನಿಗೆ, ಹಡಗಿನವನಿಗೆ, ಕಡಲ ದಂಡೆಯ ಗುಡಿಸಲಿಗೆ ಗಾಳಿಯ ಅಳತೆ ಜೀವ ಉಳಿಸುವ ಮಾಹಿತಿ. ಒಳನಾಡಿನ ಹೊಲಕ್ಕೆ ಅದರಿಂದ ಸಿಗುವ ಸುಳಿವು ಬಹಳ ಕಡಿಮೆ.

ಸುಳಿ ಸ್ವಂತ ಬಲದಿಂದ ದಾರಿ ಹಿಡಿಯುವುದಿಲ್ಲ. ಅದನ್ನು ಸುತ್ತುವರಿದ ದೊಡ್ಡ ಗಾಳಿಯ ಪ್ರವಾಹ ಎತ್ತ ಹರಿಯುತ್ತದೆಯೋ ಅತ್ತ ಸಾಗುತ್ತದೆ. ಹಿಂಗಾರಿನ ಕಾಲದಲ್ಲಿ ಉತ್ತರದಲ್ಲಿ ಅಧಿಕ ಒತ್ತಡದ ಪಟ್ಟಿ ಇರುವುದರಿಂದ ಕೊಲ್ಲಿಯ ದಕ್ಷಿಣದಲ್ಲಿ ಎದ್ದ ಸುಳಿಗಳು ಸಾಮಾನ್ಯವಾಗಿ ಪಶ್ಚಿಮಕ್ಕೋ ವಾಯವ್ಯಕ್ಕೋ ನಡೆದು ತಮಿಳುನಾಡು, ಆಂಧ್ರದ ದಡಕ್ಕೆ ಬರುತ್ತವೆ. ಆ ಪಟ್ಟಿ ಎಲ್ಲಾದರೂ ಬಿಟ್ಟುಕೊಟ್ಟರೆ ಉತ್ತರಕ್ಕೆ ಹೊರಳುತ್ತವೆ. ಒತ್ತುವ ಗಾಳಿಗಳು ಒಂದನ್ನೊಂದು ಸರಿಗಟ್ಟಿದರೆ ನಿಂತಲ್ಲೇ ನಿಲ್ಲುತ್ತವೆ. ದಡದಿಂದ ದೂರ, ಸಮುದ್ರದ ಮೇಲೆ ನಿಂತರೆ ಹಾನಿ ಕಡಿಮೆ. ದಡದ ಮೇಲೆ ನಿಂತರೆ ಅಪಾಯ.

ಪತ್ರಿಕೆಯಲ್ಲಿ ಅಚ್ಚಾಗುವ ದಾರಿಯ ಗೆರೆ ಸುಳಿಯ ನಡುಬಿಂದುವಿನದು ಮಾತ್ರ. ಸುಳಿಯ ಮೈ ಆ ಗೆರೆಯ ಎರಡೂ ಬದಿಗೆ ನೂರಾರು ಕಿ.ಮೀ. ಹರಡಿರುತ್ತದೆ. ನಡುಬಿಂದು ನಗರದ ಮೇಲೆ ಹಾಯುತ್ತದೋ, ಪಕ್ಕದಲ್ಲಿ ಹಾಯುತ್ತದೋ, ಕಡಲಲ್ಲೇ ನಿಂತು ಹೋಗುತ್ತದೋ ಎಂಬುದರ ಮೇಲೆ ನಗರಕ್ಕೆ ಬರುವ ಕಷ್ಟದ ರೂಪವೇ ಬದಲಾಗುತ್ತದೆ. ಚೆನ್ನೈ ಹತ್ತು ವರ್ಷಗಳ ಒಳಗೆ ಈ ಎಲ್ಲ ರೂಪಗಳನ್ನೂ ಕಂಡಿದೆ.

2016ರ ಡಿಸೆಂಬರ್ 12ರಂದು ವರ್ದಾ ಚಂಡಮಾರುತದ ನಡುಬಿಂದು ನಗರದ ಮೇಲೇ ಹಾಯಿತು. ಇಂಥ ಹೊತ್ತಿನಲ್ಲಿ ಮೊದಲು ಉತ್ತರದ ಕಡೆಯಿಂದ ಗಾಳಿ ಬೀಸುತ್ತದೆ. ನಡುಬಿಂದು ತಲೆಯ ಮೇಲೆ ಬಂದಾಗ ಸ್ವಲ್ಪ ಹೊತ್ತು ಎಲ್ಲ ಶಾಂತವಾಗುತ್ತದೆ. ಮುಗಿಯಿತೆಂದು ಜನ ಬಾಗಿಲು ತೆಗೆದು ಹೊರಬರುತ್ತಾರೆ. ಆಮೇಲೆ ದಕ್ಷಿಣದ ಕಡೆಯಿಂದ, ಅಂದರೆ ಎದುರು ದಿಕ್ಕಿನಿಂದ, ಅಷ್ಟೇ ಬಲದ ಗಾಳಿ ಬರುತ್ತದೆ. ಒಂದು ಕಡೆಗೆ ಬಾಗಿ ಬೇರು ಸಡಿಲವಾಗಿದ್ದ ಮರಗಳನ್ನು ಈ ಎರಡನೆಯ ಗಾಳಿ ಕೆಡವುತ್ತದೆ. ವರ್ದಾ ಹಾದು ಹೋದ ಮೇಲೆ ಚೆನ್ನೈನಲ್ಲಿ ಸಾವಿರಾರು ಮರಗಳು ರಸ್ತೆಗೆ ಅಡ್ಡ ಬಿದ್ದಿದ್ದವು, ವಿದ್ಯುತ್ ಕಂಬಗಳು ಮಗುಚಿದ್ದವು, ವಂಡಲೂರಿನ ಮೃಗಾಲಯವನ್ನು ವಾರಗಟ್ಟಲೆ ಮುಚ್ಚಬೇಕಾಯಿತು. ಚೆನ್ನೈನವರಿಗೆ ವರ್ದಾ ಎಂದರೆ ಇಂದಿಗೂ ಗಾಳಿಯ ನೆನಪು.

2023ರ ಡಿಸೆಂಬರಿನ ಮಿಚಾಂಗ್ ಚೆನ್ನೈನ ದಡ ಮುಟ್ಟಲೇ ಇಲ್ಲ. ಡಿಸೆಂಬರ್ 3 ಮತ್ತು 4ರಂದು ಅದು ನಗರದ ಎದುರು ಕಡಲಿನಲ್ಲಿ ದಡಕ್ಕೆ ಸಮಾನಾಂತರವಾಗಿ ನಿಧಾನಕ್ಕೆ ಸರಿದು, 5ರಂದು 300 ಕಿ.ಮೀ.ಗೂ ಆಚೆ ಆಂಧ್ರದ ಬಾಪಟ್ಲ ಬಳಿ ದಡ ಹತ್ತಿತು. ಆ ಎರಡು ದಿನ ಸುಳಿಯ ಪಶ್ಚಿಮದ ಮೋಡಗಳು ಒಂದರ ಹಿಂದೊಂದು ಚೆನ್ನೈ ಮೇಲೆ ಬಂದು ಸುರಿದವು. ಬಹಳ ಕಡೆ 40 ಸೆಂ.ಮೀ.ಗಿಂತ ಹೆಚ್ಚು ಮಳೆಯಾಯಿತು. ವೇಳಚೇರಿ, ಪಳ್ಳಿಕರಣೈ, ಮುಡಿಚೂರು ಕಡೆಯ ಬಡಾವಣೆಗಳಲ್ಲಿ ಜನ ದಿನಗಟ್ಟಲೆ ಮಹಡಿಯ ಮೇಲೆ ಉಳಿದರು, ದೋಣಿಗಳಲ್ಲಿ ಹಾಲು, ನೀರು ತಲುಪಿಸಬೇಕಾಯಿತು. ನಕ್ಷೆಯ ಗೆರೆಯನ್ನು ಮಾತ್ರ ನೋಡಿದ್ದವರು ಅದು ಆಂಧ್ರದ ಚಂಡಮಾರುತ ಎಂದುಕೊಂಡಿದ್ದರು.

ಇದಕ್ಕಿಂತ ಮೊದಲು, 2015ರ ಡಿಸೆಂಬರ್ 1ರಂದು, ಚೆನ್ನೈ ಕಂಡ ಮಹಾಪೂರಕ್ಕೆ ಚಂಡಮಾರುತವೇ ಕಾರಣವಾಗಿರಲಿಲ್ಲ. ಹೆಸರಿಡುವ ಮಟ್ಟಕ್ಕೂ ಬಾರದ ಕಡಿಮೆ ಒತ್ತಡದ ಪ್ರದೇಶ ಅದು. ನಗರದ ದಕ್ಷಿಣದ ತಾಂಬರಂನಲ್ಲಿ ಒಂದೇ ದಿನಕ್ಕೆ 49 ಸೆಂ.ಮೀ. ಸುರಿಯಿತು, ಚೆಂಬರಂಬಾಕ್ಕಂ ಕೆರೆಯ ನೀರು ಅಡ್ಯಾರ್ ನದಿಗೆ ಬಂತು, ವಿಮಾನ ನಿಲ್ದಾಣ ಮುಳುಗಿತು. ಗಾಳಿಯ ಏಣಿಯ ಕೆಳಗಿನ ಮೆಟ್ಟಿಲಲ್ಲೇ ಇದ್ದ ಸುಳಿ ನಗರಕ್ಕೆ ಅತಿ ದೊಡ್ಡ ಗಾಯ ಮಾಡಿತು. ಗಾಳಿಯಿಂದ ಮಳೆಯನ್ನು ಅಂದಾಜು ಮಾಡಬಾರದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಕಡಲ ಪಕ್ಕದ ನಗರ ಮಳೆನೀರನ್ನು ಸುಲಭವಾಗಿ ಕಡಲಿಗೆ ಬಿಡಬಹುದು ಎಂದು ಒಳನಾಡಿನವರಿಗೆ ಅನ್ನಿಸುವುದು ಸಹಜ. ಆಗುವುದು ಬೇರೆ. ಚೆನ್ನೈನ ನೆಲ ಚಪ್ಪಟೆ. ಕೊಸಸ್ಥಲೈಯಾರ್, ಕೂವಂ, ಅಡ್ಯಾರ್ ನದಿಗಳು ಪೂರ್ವಕ್ಕೆ ಹರಿದು ಕಡಲು ಸೇರುತ್ತವೆ, ಬಕಿಂಗ್‌ಹ್ಯಾಂ ಕಾಲುವೆ ಅವುಗಳನ್ನು ಉತ್ತರ ದಕ್ಷಿಣವಾಗಿ ಕತ್ತರಿಸಿ ಸಾಗುತ್ತದೆ. ಸುಳಿ ಹತ್ತಿರವಿದ್ದಾಗ ಗಾಳಿ ಕಡಲ ನೀರನ್ನು ದಡದತ್ತ ತಳ್ಳಿ ಮಟ್ಟ ಏರಿಸುತ್ತದೆ. ಅದೇ ಹೊತ್ತಿಗೆ ಭರತವೂ ಸೇರಿದರೆ ನದಿಯ ಬಾಯಿ ಕಟ್ಟಿದಂತಾಗುತ್ತದೆ. ಮರಳು ದಿಬ್ಬಗಳಿಂದ ಮೊದಲೇ ಕಿರಿದಾದ ಅಳಿವೆ ನೀರನ್ನು ಹೊರಬಿಡುವುದಿಲ್ಲ, ನೀರು ಹಿಂದಕ್ಕೆ ಒತ್ತಿ ಬಡಾವಣೆಗಳಿಗೆ ಏರುತ್ತದೆ. ಹಿಂದೆ ಇಂಥ ನೀರನ್ನು ಹಿಡಿದು ಮೆಲ್ಲಗೆ ಬಿಡುತ್ತಿದ್ದದ್ದು ನಗರದ ದಕ್ಷಿಣಕ್ಕಿರುವ ಪಳ್ಳಿಕರಣೈ ಜೌಗು. ಅದರ ಬಹುಭಾಗ ಈಗ ರಸ್ತೆ, ಕಟ್ಟಡ, ಕಸದ ರಾಶಿಯ ಪಾಲಾಗಿದೆ. ಮಳೆ ಎಷ್ಟು ಬಂತು ಎಂಬುದರ ಜೊತೆಗೆ ಅದು ನಿಲ್ಲುವ ಜಾಗವನ್ನು ಯಾರು ತಿಂದರು ಎಂದೂ ಪ್ರತಿ ಡಿಸೆಂಬರಿನಲ್ಲಿ ಕೇಳಬೇಕು. ಮೈಸೂರು, ಬೆಂಗಳೂರಿನ ಕೆರೆ ಅಂಗಳಗಳ ಬಗ್ಗೆಯೂ ಇದೇ ಪ್ರಶ್ನೆ ಕೇಳಬೇಕಾಗಿದೆ.

ಕರ್ನಾಟಕದ ಕರಾವಳಿಯ ಕಥೆ ಸ್ವಲ್ಪ ಬೇರೆ. ಅರಬ್ಬಿ ಸಮುದ್ರದ ಚಂಡಮಾರುತಗಳು ಹೆಚ್ಚಾಗಿ ದಡಕ್ಕೆ ಬೆನ್ನು ಹಾಕಿ ಅರಬ್‌ ದೇಶಗಳ ಕಡೆಗೆ, ಇಲ್ಲವೇ ದಡದುದ್ದಕ್ಕೂ ಗುಜರಾತಿನತ್ತ ಸಾಗುತ್ತವೆ. 2021ರ ಮೇ ತಿಂಗಳ ತೌಕ್ತೆ ಹಾಗೆ ಮಂಗಳೂರಿನ ಎದುರು ಹಾದುಹೋಯಿತು. ಉಳ್ಳಾಲ, ಸೋಮೇಶ್ವರದಲ್ಲಿ ಕಡಲು ಮನೆಗಳ ಬುಡ ಕೊರೆಯಿತು. ಮೂಲ್ಕಿಯ ಹತ್ತಿರ ಬಂಡೆಗೆ ಸಿಕ್ಕಿಕೊಂಡ ಟಗ್‌ನಿಂದ ಒಂಬತ್ತು ಸಿಬ್ಬಂದಿಯನ್ನು ಕರಾವಳಿ ಕಾವಲು ಪಡೆ ಮತ್ತು ನೌಕಾಪಡೆ ಸೇರಿ ಪಾರುಮಾಡಿದವು. ತೌಕ್ತೆ ದಡ ಹತ್ತಿದ್ದು ಮಾತ್ರ ಗುಜರಾತಿನಲ್ಲಿ.

ಫೆಂಗಲ್ ಈ ಎಲ್ಲಕ್ಕಿಂತ ಬೇರೆ ರೀತಿ ನಡೆದುಕೊಂಡಿತು. 2024ರ ನವೆಂಬರ್ ಕೊನೆಯ ವಾರ ಕೊಲ್ಲಿಯ ದಕ್ಷಿಣದಲ್ಲಿ ವಾಯುಭಾರ ಕುಸಿತವಾಗಿ ರೂಪುಗೊಂಡ ಅದು ಶ್ರೀಲಂಕಾದ ಪೂರ್ವ ದಡವನ್ನು ಸವರಿಕೊಂಡು ಉತ್ತರಕ್ಕೆ ಬಂತು. ದ್ವೀಪದ ಪೂರ್ವ ಭಾಗದಲ್ಲಿ ಪ್ರವಾಹವಾಗಿ ಹತ್ತಕ್ಕೂ ಹೆಚ್ಚು ಜನ ಸತ್ತರು. ತಮಿಳುನಾಡಿಗೆ ಅದು ತೀವ್ರ ವಾಯುಭಾರ ಕುಸಿತವಾಗಿಯೇ ಬಂದೀತು, ಚಂಡಮಾರುತ ಆಗಲಾರದು ಎಂಬ ಅಂದಾಜು 28ರ ಹೊತ್ತಿಗೆ ಇತ್ತು. 29ರ ಮಧ್ಯಾಹ್ನ ಅದು ಬಲಗೊಂಡು ಚಂಡಮಾರುತವಾಯಿತು. ಅಂದಾಜು ತಪ್ಪಿತೆಂದು ಹವಾಮಾನ ಇಲಾಖೆಯನ್ನು ದೂರುವುದು ನ್ಯಾಯವಲ್ಲ. ಸುಳಿಯ ದಾರಿಯನ್ನು ಮೂರು ದಿನ ಮುಂಚೆ ಹೇಳುವುದರಲ್ಲಿ ಇಲಾಖೆ ಕಳೆದ ಎರಡು ದಶಕಗಳಲ್ಲಿ ಬಹಳ ಮುಂದೆ ಬಂದಿದೆ. ಬಲ ಏರುತ್ತದೋ ಇಳಿಯುತ್ತದೋ ಎಂದು ಹೇಳುವುದು ಜಗತ್ತಿನ ಎಲ್ಲ ಕಡೆಯೂ ಇನ್ನೂ ಕಷ್ಟದ ಕೆಲಸ.

30ರ ಶನಿವಾರ ಚೆನ್ನೈ ವಿಮಾನ ನಿಲ್ದಾಣವನ್ನು ಮಧ್ಯಾಹ್ನದಿಂದ ಮುಚ್ಚಿದರು, ಸುರಂಗ ರಸ್ತೆಗಳಲ್ಲಿ ನೀರು ನಿಂತಿತು, ವಿದ್ಯುತ್ ತಗುಲಿ ಜನ ಸತ್ತರು. ಆದರೂ ನಗರ ದೊಡ್ಡ ಪೆಟ್ಟಿನಿಂದ ಪಾರಾಯಿತು. ಪೆಟ್ಟು ಬಿದ್ದದ್ದು ದಕ್ಷಿಣಕ್ಕೆ. ದಡ ದಾಟಿದ ಸುಳಿ ಒಳನಾಡಿಗೆ ಸರಿಯದೆ ಪುದುಚೇರಿಯ ಬಳಿ ಗಂಟೆಗಟ್ಟಲೆ ನಿಂತುಬಿಟ್ಟಿತು. ಅರ್ಧ ಮೈ ನೆಲದ ಮೇಲೆ, ಅರ್ಧ ಮೈ ಬಿಸಿ ಕಡಲಿನ ಮೇಲೆ. ಕಡಲಿನಿಂದ ಆವಿ ಬರುತ್ತಲೇ ಇತ್ತು, ಒಂದೇ ಜಾಗದ ಮೇಲೆ ಮಳೆ ಸುರಿಯುತ್ತಲೇ ಇತ್ತು. ಮೂರು ದಶಕಗಳಲ್ಲಿ ಪುದುಚೇರಿ ಅಂಥ ಮಳೆ ಕಂಡಿರಲಿಲ್ಲ. ಪಕ್ಕದ ವಿಳುಪ್ಪುರಂ ಜಿಲ್ಲೆಯ ಮೈಲಂನಲ್ಲಿ ಮಳೆ 50 ಸೆಂ.ಮೀ. ಮುಟ್ಟಿತು. ಪುದುಚೇರಿಯ ಕೃಷ್ಣಾನಗರದಲ್ಲಿ ನೀರು ಆಳೆತ್ತರದ ಹತ್ತಿರ ಏರಿ, ಸೇನೆಯವರು ಬಂದು ಜನರನ್ನು ಹೊರತರಬೇಕಾಯಿತು.

ಪುದುಚೇರಿಯ 48 ಸೆಂ.ಮೀ. ಮಳೆ ಎಷ್ಟು ದೊಡ್ಡದು ಎಂಬುದು ಹೊಲದ ಲೆಕ್ಕದಲ್ಲಿ ಚೆನ್ನಾಗಿ ತಿಳಿಯುತ್ತದೆ. ಒಂದು ಸೆಂ.ಮೀ. ಮಳೆ ಎಂದರೆ ಒಂದು ಎಕರೆಗೆ ಸುಮಾರು 40 ಸಾವಿರ ಲೀಟರ್ ನೀರು. 48 ಸೆಂ.ಮೀ. ಎಂದರೆ ಎಕರೆಗೆ 19 ಲಕ್ಷ ಲೀಟರ್, ಅದೂ ಒಂದು ಹಗಲು ಒಂದು ರಾತ್ರಿಯಲ್ಲಿ. ಪಶ್ಚಿಮ ಘಟ್ಟದ ಮಳೆನೆರಳಿನಲ್ಲಿರುವ ಚಾಮರಾಜನಗರ ಜಿಲ್ಲೆಗೆ ಇಡೀ ವರ್ಷಕ್ಕೆ ಬೀಳುವುದು ಸರಾಸರಿ 70, 80 ಸೆಂ.ಮೀ.

ಡಿಸೆಂಬರ್ 1ರಂದು ಸುಳಿ ಪಶ್ಚಿಮಕ್ಕೆ ಸರಿಯತೊಡಗಿತು. ನೆಲದ ಮೇಲೆ ಬಂದ ಸುಳಿಗೆ ಆವಿ ಸಿಗುವುದಿಲ್ಲ. ಮರ, ಮನೆ, ಗುಡ್ಡಗಳಿಗೆ ಉಜ್ಜಿ ಗಾಳಿಯ ವೇಗ ಇಳಿಯುತ್ತದೆ. ಚಂಡಮಾರುತ ತೀವ್ರ ವಾಯುಭಾರ ಕುಸಿತವಾಯಿತು, ಆಮೇಲೆ ವಾಯುಭಾರ ಕುಸಿತ, ಆಮೇಲೆ ಬರಿಯ ಕಡಿಮೆ ಒತ್ತಡದ ಪ್ರದೇಶ. ಸುದ್ದಿವಾಹಿನಿಗಳು 'ಫೆಂಗಲ್ ದುರ್ಬಲ' ಎಂದು ಹೇಳಿ ಬೇರೆ ಸುದ್ದಿಗೆ ಹೋದವು. ಒಲೆಯ ಉರಿ ಎಳೆದ ಮೇಲೂ ಹಂಡೆಯ ನೀರು ಬಹಳ ಹೊತ್ತು ಬಿಸಿಯಾಗಿಯೇ ಇರುವಂತೆ, ಗಾಳಿ ಸೋತ ಮೇಲೂ ಸುಳಿ ಹೊತ್ತು ತಂದ ತೇವ ಹಾಗೆಯೇ ಇರುತ್ತದೆ. ಗುಡ್ಡ ಅಡ್ಡ ಬಂದ ಕಡೆಯಲ್ಲೆಲ್ಲ ಅದು ಮೇಲೇರಿ ತಣಿದು ಸುರಿಯುತ್ತದೆ. ದುರ್ಬಲವಾದ ಫೆಂಗಲ್ ಮಾಡಿದ್ದೂ ಇದನ್ನೇ. ಕಡಲಿನಿಂದ ಬಹಳ ದೂರದ ಕೃಷ್ಣಗಿರಿ ಜಿಲ್ಲೆಯ ಊತಂಗರೈಯಲ್ಲಿ ಒಂದೇ ದಿನ 50 ಸೆಂ.ಮೀ. ಬಿದ್ದು, ಕೆರೆ ಉಕ್ಕಿ, ರಸ್ತೆ ಬದಿ ನಿಲ್ಲಿಸಿದ್ದ ವಾಹನಗಳು ತೇಲಿಹೋದವು. ತಿರುವಣ್ಣಾಮಲೈಯಲ್ಲಿ ಬೆಟ್ಟದ ಮಣ್ಣು, ಬಂಡೆ ಮನೆಯೊಂದರ ಮೇಲೆ ಜಾರಿ ಏಳು ಜನ ಸತ್ತರು, ಅವರಲ್ಲಿ ಐವರು ಮಕ್ಕಳು. ಸಾತನೂರು ಅಣೆಕಟ್ಟೆಯಿಂದ 1.5 ಲಕ್ಷ ಕ್ಯುಸೆಕ್‌ಗೂ ಹೆಚ್ಚು ನೀರು ಹೊರಬಿಟ್ಟು ತೆನ್‌ಪೆಣ್ಣೈ ನದಿಯ ಕೆಳಗಿನ ಊರುಗಳು ಮುಳುಗಿದವು. ಆ ತೆನ್‌ಪೆಣ್ಣೈ ಬೇರೆ ಯಾವುದೂ ಅಲ್ಲ, ನಂದಿಬೆಟ್ಟದ ಕಡೆ ಹುಟ್ಟಿ ಕರ್ನಾಟಕದಿಂದ ಹರಿದು ಹೋಗುವ ದಕ್ಷಿಣ ಪಿನಾಕಿನಿ. ಬಲವಾದ ಫೆಂಗಲ್‌ಗಿಂತ ದುರ್ಬಲವಾದ ಫೆಂಗಲ್ ಒಳನಾಡಿನಲ್ಲಿ ಮಾಡಿದ ಹಾನಿ ಕಡಿಮೆಯೇನಲ್ಲ.

ಅಲ್ಲಿಂದ ಮುಂದಿನ ದಾರಿ ಕರ್ನಾಟಕದ ದಕ್ಷಿಣ ಒಳನಾಡು. ಡಿಸೆಂಬರ್ 2ರಂದು ಚಾಮರಾಜನಗರ, ಮೈಸೂರು ಕಡೆ ದಿನವಿಡೀ ಮಳೆ. 3ರ ಹೊತ್ತಿಗೆ ಸುಳಿಯ ಅವಶೇಷ ಘಟ್ಟ ಇಳಿದು ಉತ್ತರ ಕೇರಳ ಮತ್ತು ಕರ್ನಾಟಕದ ಕರಾವಳಿಯಾಚೆ ಅರಬ್ಬಿ ಸಮುದ್ರ ಸೇರಿತು. ಹೋಗುವಾಗ ಕೊಡಗು, ದಕ್ಷಿಣ ಕನ್ನಡಕ್ಕೂ ಮಳೆ ಕೊಟ್ಟಿತು. ಪೂರ್ವದ ಕಡಲಿನಲ್ಲಿ ಹುಟ್ಟಿ ಪಶ್ಚಿಮದ ಕಡಲಿನಲ್ಲಿ ಮುಗಿದ ಸುಳಿಗಳು ಹಿಂದೆಯೂ ಇದ್ದವು. ವರ್ದಾದ ಅವಶೇಷವೂ ಕರ್ನಾಟಕವನ್ನು ದಾಟಿಯೇ ಹೋದದ್ದು.

ಗುಂಡ್ಲುಪೇಟೆ ತಾಲ್ಲೂಕಿನವರಿಗೆ ಈ ಮಳೆ ಬರುವ ದಿಕ್ಕೇ ಹೊಸದಾಗಿ ಕಾಣುತ್ತದೆ. ಜೂನ್, ಜುಲೈಯಲ್ಲಿ ಮೋಡ ಬರುವುದು ಪಶ್ಚಿಮದಿಂದ, ವಯನಾಡಿನ ಕಡೆಯಿಂದ. ಅಲ್ಲಿ ಸುರಿದು ಸುರಿದು ಸಣ್ಣಗಾಗಿ ಬಂಡೀಪುರದ ಕಾಡು ದಾಟುವ ಹೊತ್ತಿಗೆ ತುಂತುರು ಉಳಿದಿರುತ್ತದೆ. ಸುಲ್ತಾನ್ ಬತ್ತೇರಿಯಿಂದ ಹೊರಟ ಬಸ್ಸಿನ ಗಾಜಿನ ಮೇಲೆ ಮೂಲೆಹೊಳೆಯವರೆಗೂ ಧಾರೆಯಾಗಿ ಹರಿಯುವ ಮಳೆ ಮದ್ದೂರು ಬರುವ ಹೊತ್ತಿಗೆ ನಿಂತೇಹೋಗಿರುವುದುಂಟು. ನವೆಂಬರ್ ಕೊನೆಗೆ ಇದೆಲ್ಲ ತಿರುವುಮುರುವು. ಮೋಡ ಪೂರ್ವದಿಂದ, ಚಾಮರಾಜನಗರದ ಕಡೆಯಿಂದ ಬರುತ್ತದೆ. ಬಿಳಿಗಿರಿರಂಗನ ಬೆಟ್ಟ, ಮಲೆಮಹದೇಶ್ವರ ಬೆಟ್ಟದ ಸಾಲು ಅದರಲ್ಲಿ ತನ್ನ ಪಾಲು ಹಿಡಿದುಕೊಳ್ಳುತ್ತದೆ, ಸುವರ್ಣಾವತಿ, ಚಿಕ್ಕಹೊಳೆ ಜಲಾಶಯಗಳಿಗೆ ನೀರು ಬರುವುದು ಆ ಮಳೆಯಿಂದ. ಉಳಿದದ್ದು ಬಯಲಿಗೆ ಬರುತ್ತದೆ. ಮೊದಲ ದಿನ ಸೂರ್ಯನ ಸುತ್ತ ಮಬ್ಬು, ತೆಳ್ಳನೆಯ ಮೋಡ, ಪೂರ್ವದ ಥಂಡಿ ಗಾಳಿ. ಮರುದಿನ ಬಿಸಿಲು ಇಲ್ಲ, ಗೋಪಾಲಸ್ವಾಮಿ ಬೆಟ್ಟದ ತಲೆ ಕಾಣುವುದಿಲ್ಲ. ಆಮೇಲೆ ಜಡಿ. ಗುಡುಗು, ಮಿಂಚು ಇಲ್ಲದೆ, ದೊಡ್ಡ ಹನಿಯೂ ಇಲ್ಲದೆ ಹಗಲು ರಾತ್ರಿ ಜಿನುಗುವ ಮಳೆ. ಇದು ಅನೂರಾಧಾ ಮಳೆಯ ಕೊನೆ, ಜ್ಯೇಷ್ಠಾ ಮಳೆಯ ಶುರು.

ಹೊಲಕ್ಕೆ ಇದು ಒಳ್ಳೆಯದೋ ಕೆಟ್ಟದೋ ಎಂಬುದು ಬೆಳೆ ಯಾವ ಹಂತದಲ್ಲಿದೆ ಎಂಬುದರ ಮೇಲೆ ನಿಂತಿದೆ. ಕಪ್ಪುಮಣ್ಣಿನಲ್ಲಿ ಆಗತಾನೆ ಮೊಳೆತ ಕಡಲೆಗೆ ಹದ ಸಿಗುತ್ತದೆ. ಕೆರೆಗಳಿಗೆ, ಕೊಳವೆಬಾವಿಗಳಿಗೆ ನಾಲ್ಕು ದಿನದ ನೀರಾದರೂ ಸೇರುತ್ತದೆ, ಬಂಡೀಪುರದ ಕಾಡಿಗೆ ಬೇಸಿಗೆಯ ಬೆಂಕಿ ಸ್ವಲ್ಪ ತಡವಾಗುತ್ತದೆ. ಅರಿಶಿನದ ಪಾತಿಯಲ್ಲಿ ನೀರು ನಿಂತರೆ ಗೆಡ್ಡೆ ಕೊಳೆಯುತ್ತದೆ. ಸಣ್ಣ ಈರುಳ್ಳಿಗೆ, ಟೊಮೆಟೊಗೆ ಬಿಸಿಲಿಲ್ಲದ ಮೂರು ದಿನ ಸಾಕು, ರೋಗ ಹಿಡಿಯುತ್ತದೆ. ಕೇರಳಕ್ಕೆ, ತಮಿಳುನಾಡಿಗೆ ಹೋಗುವ ತರಕಾರಿ ಲಾರಿ ದಾರಿಯ ನೀರಿನಿಂದ ನಿಂತರೆ ಹೊಲದಲ್ಲಿ ಉಳಿದ ಬೆಳೆಗೂ ಬೆಲೆ ಇಲ್ಲ.

ಎಲ್ಲಕ್ಕಿಂತ ಹೆಚ್ಚು ಪೆಟ್ಟು ತಿನ್ನುವುದು ರಾಗಿ. ನಿಂತ ರಾಗಿ ಒಂದು ಮಳೆಯನ್ನು ತಾಳಿಕೊಳ್ಳುತ್ತದೆ. ತೆನೆ ಬಾಗಿದರೂ ಗಾಳಿಯಾಡಿ ಒಣಗುತ್ತದೆ. ಕೊಯ್ದು ನೆಲದ ಮೇಲೆ ಅರಿ ಹಾಕಿದ ರಾಗಿಗೆ ಆ ಅವಕಾಶವಿಲ್ಲ. ಕೆಳಗಿನ ಮಣ್ಣು ತೇವ, ಮೇಲಿನ ಗಾಳಿ ತೇವ. ಎರಡನೆಯ ದಿನಕ್ಕೆ ಅರಿಯನ್ನು ಎತ್ತಿ ನೋಡಿದರೆ ಅಡಿಯ ತೆನೆಗಳು ಕೈಗೆ ಬೆಚ್ಚಗೆ ಹತ್ತುತ್ತವೆ. ಮೂರನೆಯ, ನಾಲ್ಕನೆಯ ದಿನಕ್ಕೆ ತೆನೆಯ ಬೆರಳುಗಳ ಸಂದಿನಲ್ಲಿ ಬಿಳಿಯ ಮೊಳಕೆ ಕಾಣುತ್ತದೆ. ಮೊಳೆತ ಕಾಳು ಒಕ್ಕಿದರೂ ಕಪ್ಪಾಗಿಯೇ ಬರುತ್ತದೆ, ಬೆಂಬಲ ಬೆಲೆಯ ಖರೀದಿ ಕೇಂದ್ರದಲ್ಲಿ ಗುಣಮಟ್ಟದ ಪರೀಕ್ಷೆ ದಾಟುವುದಿಲ್ಲ. ಹುಲ್ಲು ಬೂಷ್ಟು ಹಿಡಿದು ದನಗಳು ಮೂಸಿ ಬಿಡುತ್ತವೆ. ಮಳೆಯಾಶ್ರಿತ ಹೊಲದ ಮನೆಗೆ ವರ್ಷದ ಮುದ್ದೆಯೂ ಬೇಸಿಗೆಯ ಮೇವೂ ಒಟ್ಟಿಗೆ ಹೋದಂತೆ. ಚೆನ್ನೈನಲ್ಲಿ ಬಿದ್ದ ಮರ, ಮುಳುಗಿದ ಕಾರು ಟಿ.ವಿ.ಯಲ್ಲಿ ಬರುತ್ತವೆ. ಅರಿಯಲ್ಲೇ ಮೊಳೆತ ರಾಗಿ ಬರುವುದಿಲ್ಲ, ಆದರೆ ಅದೂ ಅದೇ ಚಂಡಮಾರುತದ ಹಾನಿ, ಅಷ್ಟೇ ಗಂಭೀರವಾದ ಹಾನಿ.

ಹಾಗಾಗಿ ಒಳನಾಡಿನವರು ಚಂಡಮಾರುತದ ಸುದ್ದಿಯನ್ನು ಓದುವ ಕ್ರಮ ಕರಾವಳಿಯವರ ಕ್ರಮಕ್ಕಿಂತ ಬೇರೆಯಾಗಬೇಕು. ಹವಾಮಾನ ಇಲಾಖೆಯ ಪ್ರಕಟಣೆಯಲ್ಲಿ ಗಾಳಿಯ ವೇಗದ ಸಾಲನ್ನು ದಾಟಿ, ದಡ ಸೇರಿದ ಮೇಲೆ ಸುಳಿ ಯಾವ ದಿಕ್ಕಿಗೆ, ಎಷ್ಟು ನಿಧಾನವಾಗಿ ಸರಿಯುತ್ತದೆ ಎಂಬ ಸಾಲನ್ನು ನೋಡಬೇಕು. ದಡ ಮುಟ್ಟುವ ಜಾಗ ನಾಗಪಟ್ಟಣದಿಂದ ಚೆನ್ನೈವರೆಗಿನ ನಡುವೆ ಇದ್ದು, ಮುಂದಿನ ದಾರಿ ಪಶ್ಚಿಮಕ್ಕೆ ಇದ್ದರೆ, ಚಾಮರಾಜನಗರದ ಮಳೆಗೆ ಸಾಮಾನ್ಯವಾಗಿ ಒಂದೆರಡು ದಿನ ಸಮಯವಿರುತ್ತದೆ. ದಡ ಮುಟ್ಟುವುದು ಬಾಪಟ್ಲವೋ ಒಡಿಶಾವೋ ಆದರೆ ಇಲ್ಲಿಗೆ ಬರುವುದು ಬರಿಯ ಮೋಡ, ಥಂಡಿ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕಗಳನ್ನು ಇಟ್ಟಿದೆ, 'ವರುಣ ಮಿತ್ರ' ಸಹಾಯವಾಣಿಯಲ್ಲಿ ಆಯಾ ಊರಿನ ಮಳೆಯ ಮುನ್ಸೂಚನೆ ಕನ್ನಡದಲ್ಲೇ ಸಿಗುತ್ತದೆ. ಪೂರ್ವದ ಗಾಳಿ ಬಂದ ದಿನ ಅಲ್ಲಿಗೊಂದು ಕರೆ ಮಾಡಿದರೆ ಕೊಯ್ಲನ್ನು ನಾಲ್ಕು ದಿನ ಮುಂದೂಡುವುದೋ, ಕೊಯ್ದದ್ದನ್ನು ಅವತ್ತೇ ಮೆದೆ ಹಾಕಿ ಟಾರ್ಪಾಲು ಹೊದಿಸುವುದೋ ತೀರ್ಮಾನಿಸಬಹುದು. ಕೊಯ್ಯದೆ ಬಿಟ್ಟ ರಾಗಿ, ಅರಿ ಹಾಕಿದ ರಾಗಿಗಿಂತ ಹೆಚ್ಚು ಸುರಕ್ಷಿತ.

ಇಷ್ಟಾಗಿಯೂ ಬೆಳೆ ನೆನೆದರೆ ಒಂದು ದಾರಿ ಇದೆ, ಬಹಳ ರೈತರಿಗೆ ಅದು ತಿಳಿದಿಲ್ಲ. ಫಸಲ್ ಬಿಮಾ ಯೋಜನೆಯ ನಿಯಮದಲ್ಲಿ, ಕೊಯ್ದು ಹೊಲದಲ್ಲೇ ಒಣಗಲು ಹಾಕಿದ ಬೆಳೆಗೆ ಕೊಯ್ಲಿನಿಂದ 14 ದಿನಗಳವರೆಗೆ ಚಂಡಮಾರುತದ ಮಳೆ ಮತ್ತು ಅಕಾಲಿಕ ಮಳೆಯ ಹಾನಿಗೂ ರಕ್ಷಣೆ ಸೇರಿದೆ. ಚಂಡಮಾರುತ ದಡ ಮುಟ್ಟಿದ್ದು ಬೇರೆ ರಾಜ್ಯದಲ್ಲಿ ಎಂಬುದು ಅದಕ್ಕೆ ಅಡ್ಡಿಯಲ್ಲ. ಆದರೆ ಬೆಳೆ ನೋಂದಾಯಿಸಿರಬೇಕು ಮತ್ತು ಹಾನಿಯಾದ 72 ಗಂಟೆಗಳೊಳಗೆ ವಿಮಾ ಕಂಪನಿಗೆ, ಬ್ಯಾಂಕಿಗೆ ಇಲ್ಲವೇ ಕೃಷಿ ಇಲಾಖೆಗೆ ತಿಳಿಸಬೇಕು. ಮಳೆ ನಿಲ್ಲಲಿ, ಆಮೇಲೆ ನೋಡೋಣ ಎಂದು ಕಾಯಬಾರದು. ಜಡಿ ಮೂರು ದಿನ ಹಿಡಿಯುತ್ತದೆ, ಗಡುವೂ ಮೂರೇ ದಿನ.